ನಡೆಯದ ನೋಟು

ಗೋಕಾವಿ, ಮೂಡಲಗಿ, ಹುಕ್ಕೇರಿಗಳ ಸಂತೆಯಲ್ಲಿ ಹರಕು ನೋಟೊಂದನ್ನು ವರ್ತಕನ ಮುಂದೆ ಹಿಡಿದರೆ, ಅವನು ಅದನ್ನು ಬೆಳಕಿಗೆ ಒಡ್ಡಿ, ಹೊರಳಿಸಿ ನೋಡಿ, “ಇದು ನಡೆಯಂಗಿಲ್ಲ” ಎಂದು ಮರಳಿ ಕೊಡುವುದುಂಟು. ನೋಟು ಬಾಳುವುದಿಲ್ಲವೆಂದಾಗಲಿ ಬೆಲೆಗೆಟ್ಟಿತೆಂದಾಗಲಿ ಅನ್ನದೆ, ನಡೆಯುವುದಿಲ್ಲವೆಂದು ಹೇಳುವ ಈ ಸೀಮೆಯ ಮಾತು ಬಹು ಅರ್ಥವತ್ತಾದುದು. ಶಿವಶರಣರು ಮನುಷ್ಯನನ್ನು ಒರೆಗೆ ಹಚ್ಚಿದುದೂ ಇದೇ ಶಬ್ದದಿಂದಲೇ ಅಲ್ಲವೇ? ನುಡಿ ಎಷ್ಟೇ ಸೊಗಸಾಗಿದ್ದರೂ ನಡೆಯಿಲ್ಲದವನು ಅನುಭವಮಂಟಪದ ಪೇಟೆಯಲ್ಲಿ ಸಲ್ಲುತ್ತಿರಲಿಲ್ಲ.

ವಿಚಾರಿಸಿ ನೋಡಿದರೆ ನೋಟೆಂಬುದೂ ಒಂದು ನುಡಿಯೇ. ಹೊನ್ನಿಗೆ ತನ್ನದೇ ಆದ ತೂಕವುಂಟು; ಕಾಗದಕ್ಕೆ ಅದಿಲ್ಲ. ಕೊಟ್ಟ ಮಾತೇ ಕಾಗದದ ತೂಕ. ಭಾರತದ ರಿಸರ್ವ್ ಬ್ಯಾಂಕಿನ ನೋಟಿನ ಮೇಲೆ ಧಾರಕನಿಗೆ ಇಂತಿಷ್ಟು ರೂಪಾಯಿಗಳನ್ನು ಸಲ್ಲಿಸುವೆನೆಂದು ಗವರ್ನರರು ರುಜು ಹಾಕಿ ಒಪ್ಪಿಕೊಂಡಿರುತ್ತಾರೆ. ಆ ಒಪ್ಪಿಗೆಯ ಹಿಂದೀ ವಾಕ್ಯದಲ್ಲಿ ಬಳಸಿರುವ ಶಬ್ದ ‘ವಚನ’ವೆಂಬುದೇ! ದಿನವೂ ಹತ್ತಾರು ಸಲ ಕೈಯಿಂದ ಕೈಗೆ ದಾಟುವ ಈ ಶಬ್ದವನ್ನು ಎಷ್ಟು ಜನ ಸದ್ಭಕ್ತರು ಗಮನಿಸಿರುವರೋ ಶಿವನೇ ಬಲ್ಲ. (ಒಂದು ರೂಪಾಯಿಯ ನೋಟಿನಲ್ಲಿ ಮಾತ್ರ ಈ ವಚನವಿಲ್ಲ. ಅದು ಬ್ಯಾಂಕಿನದಲ್ಲ, ಸರಕಾರದ್ದು.)

ಹೀಗಿರಲು, ವಚನವೆಲ್ಲ ಅಚ್ಚಾಗಿದ್ದೂ ಅದನ್ನು ಯಾರೂ ಸಲ್ಲಿಸಬೇಕಾಗಿಲ್ಲದ ನೋಟುಗಳೂ ಜಗತ್ತಿನಲ್ಲಿವೆ. ಅವಕ್ಕೆ ಸ್ಪೆಸಿಮನ್ ನೋಟು, ಎಂದರೆ ಮಾದರಿ ನೋಟು, ಎಂದು ಹೆಸರು. ಒಂದು ದೇಶವು ಹೊಸ ನೋಟನ್ನು ಹೊರಡಿಸುವಾಗ, ನಿಜವಾದ ನೋಟು ಹೇಗಿರುವುದೆಂದು ಬ್ಯಾಂಕುಗಳಿಗೂ ಅನ್ಯದೇಶಗಳ ಅಧಿಕಾರಿಗಳಿಗೂ ತಿಳಿಯಲೆಂದು ಕೆಲವನ್ನು ಮಾದರಿಯಾಗಿ ಕಳುಹಿಸುವುದು ವಾಡಿಕೆ. ಕಾಗದ ಅದೇ, ಬಣ್ಣ ಅದೇ, ಚಿತ್ರ ಅದೇ, ರುಜುವೂ ಅದೇ. ಆದರೆ ಸಂಖ್ಯೆಯಿರಬೇಕಾದಲ್ಲಿ ಸಾಮಾನ್ಯವಾಗಿ ಸೊನ್ನೆಗಳ ಸಾಲು. ಮೈಮೇಲೆ ‘ಸ್ಪೆಸಿಮನ್’ ಎಂಬ ಮುದ್ರೆ. ಎಷ್ಟೋ ವೇಳೆ ರುಜುವಿನ ಮೇಲೆಯೇ ಕೊರೆದ ತೂತು. ಇವನ್ನು ಅರಸಿ ಕೂಡಿಸುವ ಸಂಗ್ರಾಹಕರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಹೊಸದಾಗಿ ಸ್ವತಂತ್ರವಾದ ಸಣ್ಣ ರಾಷ್ಟ್ರಗಳ ಮಾದರಿಗಳೆಂದರೆ ಅವರಿಗೆ ವಿಶೇಷ ಅಕ್ಕರೆ.

ಅಂಥ ರಾಷ್ಟ್ರಗಳಲ್ಲಿ ಸೇಶೆಲ್ಸ್ ಒಂದು. ಆಫ್ರಿಕಾ ಖಂಡದ ಪೂರ್ವಕ್ಕೆ ಹಿಂದೂ ಮಹಾಸಾಗರದಲ್ಲಿರುವ ಈ ದ್ವೀಪಸಮೂಹವು 1976ರ ಜೂನ್ 29ರಂದು ಬ್ರಿಟಿಷರ ಆಳಿಕೆಯಿಂದ ಬಿಡುಗಡೆ ಹೊಂದಿತು. ಅಲ್ಲಿಯ ನಾಣ್ಯದ ಹೆಸರೂ ರೂಪಾಯಿಯೇ. ಕಬ್ಬಿನ ತೋಟಗಳ ದುಡಿಮೆಗೆಂದು ಭಾರತದ ಕೂಲಿಕಾರರನ್ನು ಮಾರಿಷಸ್ಸಿಗೆ ಸಾಗಿಸಿದ ಕಾಲದಲ್ಲಿ ಭಾರತದ ರೂಪಾಯಿಯೂ ಆ ಕಡಲಿಗೆ ಇಳಿಯಿತು; ಅಲ್ಲಿಂದ ಸೇಶೆಲ್ಸಿಗೂ ಹಬ್ಬಿತು. ಘಟ್ಟದ ಕೆಳಗಿನ ಕೊಂಕಣದಿಂದ ಹಡಗು ಹತ್ತಿದವರೂ ಆ ಕೂಲಿಕಾರರಲ್ಲಿದ್ದರು. ಆದುದರಿಂದ ಈ ದ್ವೀಪಗಳ ನೋಟು ಬೆಳಗಾವಿಯ ಸೀಮೆಯವರಿಗೆ ತೀರ ಪರಕೀಯವಾದುದೇನೂ ಅಲ್ಲ.

ಸ್ವತಂತ್ರ ಸೇಶೆಲ್ಸಿನ ಮೊದಲ ನೋಟುಗಳ ಮೇಲೆ ಪ್ರಥಮ ಅಧ್ಯಕ್ಷರಾದ ಜೇಮ್ಸ್ ಮಂಚಮ್ ಅವರ ಮುಖವನ್ನು ಅಚ್ಚೊತ್ತಲಾಯಿತು. 1977ರ ಜೂನ್ 5ರಂದು ಅವರು ಲಂಡನ್ನಿನಲ್ಲಿದ್ದಾಗಲೇ ರಾಜ್ಯವು ಕ್ಷಿಪ್ರಕ್ರಾಂತಿಯಿಂದ ಕೈತಪ್ಪಿತು. ಸ್ವಾತಂತ್ರ್ಯ ಬಂದು ಇನ್ನೂ ವರುಷ ತುಂಬಿರಲಿಲ್ಲ! 1979ರ ನೋಟುಗಳಲ್ಲಿ ಆ ಮುಖದ ಬದಲು ಹಕ್ಕಿ, ಆಮೆ, ಮೀನುಗಳು ಬಂದವು. ನೋಟಿನ ಮೇಲಿನ ಮುಖವೇ ಇಷ್ಟು ಬೇಗ ಅಳಿಯುವುದಾದರೆ, ನೋಟನ್ನು ನೆಚ್ಚಿದವನ ಗತಿಯೇನು? ಮಂಚಮ್ ಅವರ ಮುಖವುಳ್ಳ ಮಾದರಿ ನೋಟುಗಳನ್ನು ಇಂದು ಸಂಗ್ರಾಹಕರು ಮುಖಬೆಲೆಯ ಅನೇಕ ಪಟ್ಟು ಹಣ ತೆತ್ತು ಕೊಳ್ಳುತ್ತಾರೆ. ತಾನು ಹುಟ್ಟಿದ ದ್ವೀಪದಲ್ಲಿ ಒಂದು ತೆಂಗಿನಕಾಯಿಯನ್ನೂ ಕೊಳ್ಳಲಾರದ ನೋಟಿಗೆ ಈ ಮರ್ಯಾದೆ!

ಇಲ್ಲಿ ಮಾದರಿ ನೋಟನ್ನು ಹಳಿಯುವುದು ನ್ಯಾಯವಲ್ಲ. ನಿಜವನ್ನೂ ಖೊಟ್ಟಿಯನ್ನೂ ಬೇರ್ಪಡಿಸಲು ಕಲಿಸುವುದೇ ಅದರ ಕಾಯಕ. ಮೇಲಾಗಿ ಅದು ಸತ್ಯವಂತ. ತಾನು ನಡೆಯತಕ್ಕುದಲ್ಲವೆಂಬುದನ್ನು ತನ್ನ ಎದೆಯ ಮೇಲೆಯೇ ಬರೆದುಕೊಂಡು ತಿರುಗುತ್ತದೆ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಎದೆಯ ಮೇಲೆ ಲಿಂಗ, ಬಾಯಲ್ಲಿ ಶರಣರ ಮಾತು, ಎಲ್ಲವೂ ಅಚ್ಚುಕಟ್ಟಾಗಿದ್ದು, ಕಬ್ಬು ಕಡಿದವರು ಕೂಲಿ ಕೇಳಲು ಬಂದಾಗ “ನಾಳೆ ಬಾ” ಎನ್ನುವ ಗೃಹಸ್ಥನ ಎದೆಯ ಮೇಲೆ ಅಂಥ ಮುದ್ರೆಯಿರುವುದಿಲ್ಲ. ನಾಡಿದ್ದು ಬಂದರೂ ಅದೇ ಉತ್ತರ. ಕೂಲಿಯವಳು ಸೆರಗಿನ ತುದಿ ಬಿಗಿದುಕೊಂಡು ಬರಿಗೈಯಲ್ಲಿ ತಾಂಡೆಗೆ ಮರಳುತ್ತಾಳೆ. ಅವಳ ಪಾಲಿಗೆ ಆ ಮನೆಯ ಯಜಮಾನನು ಸೊನ್ನೆಗಳ ಸಾಲುಳ್ಳ ನೋಟು. ತಿಳಿಯುವುದು ಮಾತ್ರ ಕಬ್ಬು ಕಡಿದು ಮುಗಿದ ಮೇಲೆ.

ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು; ಹಣವನ್ನು ಅವರು ಕಾಣದವರಲ್ಲ, ಮುಟ್ಟದವರಲ್ಲ. ಭಂಡಾರದ ಲೆಕ್ಕ ತಪ್ಪಿತೆಂಬ ದೂರು ಬಂದಾಗ ಎಣಿಸಿ ನೋಡಲು ಕಾಸೂ ಕಡಮೆಯಿರಲಿಲ್ಲವೆಂದು ಪುರಾತನರ ಕಥೆಗಳು ಸಾರುತ್ತವೆ. ಆದುದರಿಂದ ಶರಣಧರ್ಮವು ಹಣವನ್ನು ಹೇಸಿದುದಲ್ಲ, ಹಣದೊಡನೆ ಕೊಟ್ಟ ಮಾತು ಕೆಡುವುದನ್ನು ಹೇಸಿದುದು.

ಸಂಗ್ರಹವೂ ಹಾಗೆಯೇ. ಕೂಡಿಸಿದುದನ್ನು ಹತ್ತು ಜನರ ಅರಿವಿಗೆ ತೆರೆದಿಟ್ಟರೆ ಅದೂ ಒಂದು ಬಗೆಯ ದಾಸೋಹವೇ. 2020ರಲ್ಲಿ ಬೆಂಗಳೂರಿನಲ್ಲಿ ಭಾರತದ ಕಾಗದದ ಹಣಕ್ಕೆಂದೇ ಒಂದು ವಸ್ತುಸಂಗ್ರಹಾಲಯ ತೆರೆದುದು ಒಬ್ಬ ಸಂಗ್ರಾಹಕರ ದೀರ್ಘಕಾಲದ ಶ್ರಮದಿಂದ. ಆದರೆ ಕೂಡಿಸುವ ಕೈಗೆ ಸಾಕೆಂಬುದು ತಿಳಿಯುವುದು ಕಷ್ಟ. ಸೇಶೆಲ್ಸಿನ ಪ್ರಾಲಿನ್ ಮತ್ತು ಕ್ಯೂರಿಯೂಸ್ ದ್ವೀಪಗಳಲ್ಲಿ ಮಾತ್ರ ತಾನಾಗಿ ಬೆಳೆಯುವ ಕಡಲತೆಂಗಿನ ಜೋಡಿಕಾಯಿಯ ಚಿಪ್ಪು ಹಿಂದಿನಿಂದಲೂ ಭಾರತದ ಸಾಧುಗಳಿಗೆ ಕಮಂಡಲುವಾಗಿದೆ. ಆ ದೇಶದ ಲಾಂಛನದಲ್ಲಿ ಮೆರೆಯುವುದೂ ಅದೇ ಮರ. ಬೆಳಗ್ಗೆ ತುಂಬಿ ಸಂಜೆಗೆ ಬರಿದಾಗುವುದೇ ಆ ಚಿಪ್ಪಿನ ಧರ್ಮ. ಬೀಗ ಹಾಕಿದ ಪೆಟ್ಟಿಗೆಯ ಧರ್ಮವೇ ಬೇರೆ.

2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಗಳ ನೋಟುಗಳು ರದ್ದಾದಾಗ ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟ ಗಂಟನ್ನು ಹಿಡಿದು ಬ್ಯಾಂಕಿನ ಮುಂದೆ ಸಾಲುಗಟ್ಟಿದ ತಾಯಂದಿರ ಚಿತ್ರ ಯಾವ ಊರಿನವರೂ ಮರೆಯುವಂಥದಲ್ಲ. ಮರುವರ್ಷ, 2017ರಲ್ಲಿ, ಬಂದ ಕಾನೂನು ಆ ಹಳೆಯ ನೋಟುಗಳನ್ನು ಇಟ್ಟುಕೊಳ್ಳುವುದಕ್ಕೂ ಮಿತಿ ಹಾಕಿತು: ಸಾಮಾನ್ಯರು 10, ಅಧ್ಯಯನ ಹಾಗೂ ಸಂಗ್ರಹದವರು 25. ಮೀರಿದವರಿಗೆ 10,000 ರೂಪಾಯಿ ಅಥವಾ ಮುಖಬೆಲೆಯ ಐದು ಪಟ್ಟು, ಯಾವುದು ಹೆಚ್ಚೋ ಅದು ದಂಡ.

ಕಲ್ಯಾಣದಲ್ಲಿ ಇಂಥ ಕಾನೂನಿರಲಿಲ್ಲ, ಆಯ್ದಕ್ಕಿ ಲಕ್ಕಮ್ಮನಿದ್ದಳು. ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವಳ ಪತಿ ಮಾರಯ್ಯನ ಕಾಯಕ. ಒಂದು ದಿನ ಮಾರಯ್ಯ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ತಂದ. ಅದು ಕದ್ದುದಲ್ಲ, ಬೇಡಿದುದಲ್ಲ. ಆದರೂ ಲಕ್ಕಮ್ಮ ಮಡಿಲೊಡ್ಡಲಿಲ್ಲ. ಈ ಹೆಚ್ಚಳವು ಶಿವನಿಗೂ ಸಲ್ಲದೆಂದು, ಆಯ್ದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಮಾರಯ್ಯ ಅಕ್ಕಿಯನ್ನು ಹೊತ್ತು ಬಂದ ದಾರಿಯಲ್ಲಿಯೇ ಹಿಂದಿರುಗಿದ.