ಗೂಡಿನಲ್ಲೊಂದು ಎಡೆ

ಸವದತ್ತಿ ಸೀಮೆಯ ಚಚಡಿಯಂಥ ಊರುಗಳಲ್ಲಿ ಹಿತ್ತಲಲ್ಲಿ ಕೋಳಿ ಸಾಕಿದವರು ಬಲ್ಲ ಸಂಗತಿಯೊಂದಿದೆ. ರೆಕ್ಕೆಯಡಿ ಕಾಪಾಡಿದ ತಾಯಿಕೋಳಿಯೇ, ಮರಿಗಳು ಬೆಳೆದೊಡನೆ ಅವುಗಳನ್ನು ಕುಕ್ಕಿ ದೂರ ಸರಿಸುತ್ತದೆ. ಸಂಜೆ ಹಿರಿಯ ಕೋಳಿಗಳು ಗೂಡು ಸೇರಿದರೂ ಎಳೆಯವು ಬೇಲಿಯ ಮೇಲೋ ಮರದ ಕೊಂಬೆಯಲ್ಲೋ ಉಳಿಯುತ್ತವೆ. ಇರುಳಿನಲ್ಲಿ ಕಾಡುಬೆಕ್ಕಿನ ಭಯ.

ಇದು ಅವುಗಳ ಹಟವೇ? ಕೋಳಿಗಳಲ್ಲಿ ಯಾವುದು ಯಾವುದನ್ನು ಕುಕ್ಕಬಹುದೆಂಬ ಮೇಲು-ಕೀಳಿನ ಕ್ರಮವಿರುವುದನ್ನು ನಾರ್ವೆಯ ವಿಜ್ಞಾನಿ ಶೆಲ್ಡರಪ್-ಎಬ್ಬೆ 1921ರಲ್ಲಿ ವಿವರಿಸಿದರು. ಬಾಗಿಲು ತೆರೆದಿದ್ದರೂ ಒಳಗೆ ಕೊಕ್ಕುಗಳು ಕಾದಿರುವುದನ್ನು ಎಳೆಕೋಳಿ ಅರಿತಿದೆ.

ಅನುಭವಸ್ಥ ಗೃಹಿಣಿ ಕೋಲು ಹಿಡಿದು ಅಟ್ಟುವುದಿಲ್ಲ. ಕೂರುವ ಅಡ್ಡಗೋಲನ್ನು ಉದ್ದವಾಗಿಸುತ್ತಾಳೆ. ಕಾಳು-ನೀರನ್ನು ಎರಡು ಕಡೆ ಇಡುತ್ತಾಳೆ. ಕತ್ತಲಾದ ಮೇಲೆ ಎಳೆಯವನ್ನು ಮೆಲ್ಲನೆ ಎತ್ತಿ ಹಿರಿಯವುಗಳ ಪಕ್ಕದಲ್ಲಿ ಕೂರಿಸುತ್ತಾಳೆ. ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣದು, ಜಗಳವೂ ಏಳದು. ನಸುಕಿನಲ್ಲಿ ತಾನೇ ಎದ್ದು ಬಾಗಿಲು ತೆರೆಯುತ್ತಾಳೆ. ಕೆಲವು ದಿನ ಹೀಗೆ ನಡೆದರೆ ಅವು ತಾವಾಗಿಯೇ ಗೂಡು ಸೇರುತ್ತವೆ.

"ಬಾಗಿಲು ತೆರೆದೇ ಇದೆ, ಅವರೇ ಬರುವುದಿಲ್ಲ" ಎಂದು ನಾವು ಹೊಸ ಸೊಸೆಯನ್ನೋ ಬೆಳೆದ ಮಗನನ್ನೋ ದೂರುತ್ತೇವೆ. ನಾವು ಗೇಣುದ್ದವಾದರೂ ಸರಿದು ಕುಳಿತೆವೇ ಎಂದು ಕೇಳಿಕೊಳ್ಳುವುದಿಲ್ಲ. ಮಗುವನ್ನು ಮಡಿಲಿಗೆ ತೆಗೆದುಕೊಳ್ಳುವುದು ಸುಲಭ; ಬೆಳೆದವರಿಗೆ ಪಕ್ಕದಲ್ಲಿ ಎಡೆ ಕೊಡುವುದು ಕಷ್ಟ. ಕುಕ್ಕುವುದು ಕೋಳಿಯ ಸ್ವಭಾವ, ಅದಕ್ಕೆ ಬೇರೆ ದಾರಿಯಿಲ್ಲ. ನಮಗಿದೆ.