ನೆಲ ಡೊಂಕೇ ಇದೆ

ಮಾರ್ಚ್ ಬಂತೆಂದರೆ ಪ್ರಚಾರ ವಿಭಾಗದವರ ಮುಖ ನೋಡಬೇಕು. ವರ್ಷವಿಡೀ ಮಂಜೂರಾಗದೆ ಕೂತಿದ್ದ ಹಣ ಕಡೆಯ ವಾರದಲ್ಲಿ ಬಿಡುಗಡೆಯಾಗುತ್ತದೆ, ಇಲ್ಲವೇ ಇದ್ದದ್ದೂ ಬೇರೆ ಲೆಕ್ಕಕ್ಕೆ ಹೋಗಿರುತ್ತದೆ. ಡಿಸೈನರ್ ಇಲ್ಲ, ಫೋಟೊ ತೆಗೆಯುವವರಿಲ್ಲ. ಪ್ರೆಸ್ ನೋಟು ಬರೆದವರೇ ಫೇಸ್‌ಬುಕ್ ಪುಟ ನೋಡಿಕೊಳ್ಳಬೇಕು, ಸಂಜೆ ಅವರೇ ಬ್ಯಾನರಿನ ಪ್ರೂಫ್ ತಿದ್ದಬೇಕು. ಇದನ್ನು ಮೀಟಿಂಗಿನಲ್ಲಿ ಯಾರಾದರೂ ಬಾಯಿಬಿಟ್ಟು ಹೇಳಿದರೋ, ಮೇಜಿನ ಆ ತುದಿಯಿಂದ ಗಾದೆಯೊಂದು ತೂರಿ ಬರುತ್ತದೆ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಎಲ್ಲರೂ ನಗುತ್ತಾರೆ. ಗಾದೆ ಹೇಳಿದವರು ಫೈಲು ಮಡಚುತ್ತಾರೆ. ಚರ್ಚೆ ಮುಗಿಯಿತು.

ಈ ಗಾದೆಯನ್ನು ಇಷ್ಟು ಕಡೆ, ಇಷ್ಟು ಸಲ, ಇಷ್ಟು ಸುಲಭಕ್ಕೆ ಬಳಸುವುದನ್ನು ಕೇಳಿ ಕೇಳಿ, ಆ ಹೆಂಗಸಿನ ಪರವಾಗಿ ಯಾರಾದರೂ ವಕಾಲತ್ತು ವಹಿಸಬೇಕು ಅನ್ನಿಸಿಬಿಟ್ಟಿದೆ.

ಕೈಲಾಗದವರು ನೆಪ ಹೇಳುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವ ಅರ್ಥ. ತಪ್ಪೇನಲ್ಲ. ಆದರೆ ನೆಲ ನೆಟ್ಟಗಿತ್ತು ಎಂದು ಗಾದೆ ಎಲ್ಲಾದರೂ ಹೇಳಿದೆಯೇ? ಆ ಅಂಗಳಕ್ಕೆ ರಸಮಟ್ಟ ಇಟ್ಟು ನೋಡಿದವರು ಯಾರೂ ಇಲ್ಲ. ಇನ್ನೊಂದು ಮಾತು. ಗಾದೆಯ ಹಳೆಯ ಪಾಠ ಈಗಿನದಕ್ಕಿಂತ ಒರಟು. ಅದರಲ್ಲಿರುವವಳು ಕುಣಿದೇ ಹೊಟ್ಟೆ ಹೊರೆಯಬೇಕಾದ ಹೆಣ್ಣು. ಅಂದರೆ ಕರೆದವರ ಅಂಗಳದಲ್ಲಿ, ಕರೆದ ಹೊತ್ತಿಗೆ ಕುಣಿಯಬೇಕಾದವಳು. ನೆಲ ಅವಳದಲ್ಲ, ಅದನ್ನು ಹದ ಮಾಡಿಸುವ ಅಧಿಕಾರವೂ ಅವಳಿಗಿಲ್ಲ. ನೆಲದ ಯಜಮಾನರು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಾರೆ. ಈ ಗಾದೆ ಹುಟ್ಟಿದ್ದು ಅಂಗಳದಲ್ಲಲ್ಲ, ಆ ಜಗಲಿಯ ಮೇಲೆ ಎಂಬುದು ನನ್ನ ಬಲವಾದ ಅನುಮಾನ.

ಪಾಸಿಟಿವ್ ಥಿಂಕಿಂಗ್ ತರಬೇತಿ ಕೊಡುವವರು ಇದೇ ಗಾದೆಗೆ ಬೇರೆ ಬಣ್ಣ ಹಚ್ಚಿದ್ದಾರೆ: ಡೊಂಕು ಅಂದುಕೊಂಡರೆ ಡೊಂಕು, ನೆಟ್ಟಗೆ ಅಂದುಕೊಂಡರೆ ನೆಟ್ಟಗೆ. ಹಾಗಂದುಕೊಂಡು ಕುಣಿದವರ ಕಾಲು ಉಳುಕುತ್ತದೆ, ಅಷ್ಟೆ. ನೆಲವೆಂದರೆ ಸಂಸಾರ, ಕುಣಿಯುವವಳು ಜೀವಾತ್ಮ ಎನ್ನುವ ವಿವರಣೆಯೂ ಉಂಟು; ಅದನ್ನು ಪ್ರವಚನಕಾರರಿಗೇ ಬಿಡೋಣ.

ನಾನು ಗಾದೆಯನ್ನು ಓದುವುದು ಹೀಗೆ. ನೆಲ ಡೊಂಕು ಎಂದು ಹೇಳುವವರು ಇಬ್ಬರಿದ್ದಾರೆ. ಒಬ್ಬರು ಗೆಜ್ಜೆ ಕಟ್ಟುವ ಮೊದಲೇ ಹೇಳುತ್ತಾರೆ. ಇನ್ನೊಬ್ಬರು ಒಂದು ಸುತ್ತು ಕುಣಿದು ಬಂದು, ಎಲ್ಲಿ ಗುಣಿ, ಎಲ್ಲಿ ದಿಬ್ಬ ಎಂದು ಬೆರಳಿಟ್ಟು ತೋರಿಸುತ್ತಾರೆ. ಗಾದೆಯ ಕುಟುಕು ಮೊದಲನೆಯವರಿಗೆ ಮಾತ್ರ. ಎರಡನೆಯವರದು ನೆಪವಲ್ಲ, ಕಾಲಿಗೆ ಬಂದ ತಿಳಿವಳಿಕೆ. ಕರಾವಳಿಯ ಬಯಲಾಟವನ್ನೇ ನೋಡಿ. ಕೊಯ್ಲಾದ ಗದ್ದೆಯಲ್ಲಿ ರಂಗಸ್ಥಳ ಕಟ್ಟಿ ಬೆಳಗಿನ ತನಕ ಕುಣಿದವರಿಗೆ ಸಮತಟ್ಟಾದ ನೆಲ ಸಿಕ್ಕಿದ್ದು ಯಾವಾಗ?

ನಮ್ಮ ಕಸುಬಿನಲ್ಲಿ ಈ ತಿಳಿವಳಿಕೆ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಆಟೋ ಪ್ರಚಾರದಲ್ಲಿ. ನೆತ್ತಿಯ ಮೇಲೆ ಎರಡು ಮೈಕು, ಒಳಗೊಂದು ಆಂಪ್ಲಿಫೈಯರ್, ಪೆನ್‌ಡ್ರೈವಿನಲ್ಲಿ ಮುದ್ರಿಸಿಕೊಂಡ ದನಿ. ಆಟೋ ನಿಲ್ಲುವುದಿಲ್ಲ. ಒಳಮನೆಯಲ್ಲಿ ರೊಟ್ಟಿ ತಟ್ಟುತ್ತಿರುವವರಿಗೆ ಅದು ಬರುವಾಗ ಚೂರು, ಹೋಗುವಾಗ ಚೂರು ಕೇಳುತ್ತದೆ. ಆಫೀಸಿನಲ್ಲಿ ಒಪ್ಪಿಗೆಯಾಗಿ ಬರುವ ಬರಹವೋ, ಮಾನ್ಯರ ಘನ ಅಧ್ಯಕ್ಷತೆಯಿಂದ ಶುರುವಾಗಿ, ಸನ್ಮಾನ್ಯರ ದಿವ್ಯ ಉಪಸ್ಥಿತಿಯನ್ನು ದಾಟಿ, ವಿಶೇಷ ಆಹ್ವಾನಿತರ ಪಟ್ಟಿಗೆ ಇಳಿಯುತ್ತದೆ. ಅಷ್ಟರಲ್ಲಿ ಆಟೋ ಮುಂದಿನ ಕೇರಿಗೆ ತಿರುಗಿರುತ್ತದೆ. ಸಾರಬೇಕಿದ್ದ ಶಿಬಿರ ಕಣ್ಣಿನದೋ ಹಲ್ಲಿನದೋ ಯಾರಿಗೂ ಗೊತ್ತಾಗಲಿಲ್ಲ.

ಇದರಲ್ಲಿ ಪಳಗಿದವರು ಬರೆಯುವುದೇ ಬೇರೆ. ‘ಕಣ್ಣಿನ ತಪಾಸಣೆ, ಭಾನುವಾರ, ಸರ್ಕಾರಿ ಶಾಲೆಯಲ್ಲಿ. ಅಜ್ಜಿಗೆ ಸೂಜಿಗೆ ದಾರ ಪೋಣಿಸೋಕೆ ಆಗ್ತಿಲ್ವಾ? ಭಾನುವಾರ ಕರ್ಕೊಂಡು ಬನ್ನಿ, ಸರ್ಕಾರಿ ಶಾಲೆಗೆ. ದುಡ್ಡು ಕೊಡೋದು ಬೇಡ. ಭಾನುವಾರ ಬೆಳಿಗ್ಗೆ, ಸರ್ಕಾರಿ ಶಾಲೆ.’ ಯಾವ ತುಂಡು ಕಿವಿಗೆ ಬಿದ್ದರೂ ಅದರಲ್ಲಿ ದಿನವಿದೆ, ಜಾಗವಿದೆ. ಯಾರೂ ಎಸಿ ಕೋಣೆಯಲ್ಲಿ ಕೂತು ಈ ವರಸೆ ಕಂಡುಹಿಡಿಯಲಿಲ್ಲ. ಆಟೋ ನಿಲ್ಲುವುದಿಲ್ಲ ಎಂಬ ಒಂದೇ ಡೊಂಕು ಇಷ್ಟನ್ನೂ ಕಲಿಸಿತು. ಹಾಗಾದರೆ ಗಣ್ಯರ ಗತಿ? ಅವರ ಹೆಸರುಗಳಿಗೆ ಇನ್ನೊಂದು ಮುದ್ರಣ ಮಾಡಿಕೊಳ್ಳುವುದು, ಡ್ರೈವರು ಟೀ ಕುಡಿಯಲು ಬಸ್‌ಸ್ಟ್ಯಾಂಡಿನಲ್ಲಿ ಆಟೋ ನಿಲ್ಲಿಸಿದಾಗ ಅದನ್ನು ಹಾಕುವುದು. ಸಾಹೇಬರಿಗೂ ಸಮಾಧಾನ, ಊರಿಗೂ ಸುದ್ದಿ. ಸೃಜನಶೀಲತೆ ಎಂದು ಸೆಮಿನಾರುಗಳಲ್ಲಿ ಕರೆಯುವುದು ಇದಕ್ಕೇ ಇರಬೇಕು.

ಅಕ್ಷರದ ಗೋಳು ಇನ್ನೊಂದು. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚಾದ ಬರಹವನ್ನು ಫೋನಿಗೆ ಹಾಕಿದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಯುನಿಕೋಡಿಗೆ ಬದಲಿಸಿಕೊಂಡರೆ ಹಳೆಯ ಡಿಸೈನ್ ತಂತ್ರಾಂಶದಲ್ಲಿ ಒತ್ತಕ್ಷರ ಕಳಚಿ ಪಕ್ಕದಲ್ಲಿ ಬಿದ್ದಿರುತ್ತದೆ. ಪ್ರಿಂಟಿಗೆ ಹೋಗಲು ಅರ್ಧ ಗಂಟೆ ಇದೆ. ಆಗ ಜಾಣರು ಏನು ಮಾಡುತ್ತಾರೆ ಗೊತ್ತೇ? ತಲೆಬರಹಕ್ಕೆ ಒತ್ತೇ ಇಲ್ಲದ ಮಾತು ಹುಡುಕುತ್ತಾರೆ. ‘ಸ್ವಚ್ಛತಾ ಅಭಿಯಾನಕ್ಕೆ ಚಾಲನೆ’ ಹೋಗಿ ‘ಕಸ ಗುಡಿಸೋಣ’ ಬರುತ್ತದೆ. ‘ಪ್ರಾರಂಭೋತ್ಸವ’ದ ಜಾಗದಲ್ಲಿ ‘ಶಾಲೆ ಶುರು’. ಕನ್ನಡ ಎಷ್ಟು ಹಗುರಾಯಿತು ನೋಡಿ! ಹಾಗಂತ ಒತ್ತು ಉದುರಿಸುವ ತಂತ್ರಾಂಶಕ್ಕೆ ಕೃತಜ್ಞತೆ ಹೇಳಬೇಕಾಗಿಲ್ಲ. ತೊಂದರೆ ಬಂದದ್ದರಿಂದಲೇ ಒಳ್ಳೆಯದಾಯಿತು ಎಂದು ತೊಂದರೆಗೆ ಆರತಿ ಎತ್ತುವವರನ್ನು ಕಂಡರೆ ನನಗೆ ಆಗುವುದಿಲ್ಲ. ಕೊರತೆಯನ್ನು ಗೆದ್ದವರಿಗೆ ಮುಂದಿನ ವರ್ಷವೂ ಅದೇ ಕೊರತೆಯನ್ನು ಬಹುಮಾನವಾಗಿ ಕೊಡುವ ಆಡಳಿತಗಳಿವೆ.

ಡೊಂಕು ನೆಲದಲ್ಲೇ ಕುಣಿದವರು ಹಿಂದೆಯೂ ಇದ್ದರು. ಹೆಚ್ಚು ಹಿಂದಕ್ಕೆ ಹೋದರೆ ಮೈಸೂರು. 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಆರಂಭಿಸಿದರು. ಪ್ರೇಷಕದ ಶಕ್ತಿ 30 ವಾಟ್. ಆಗಿನ ನಡುಮನೆಯ ಬಲ್ಬಿಗೂ ಅಷ್ಟು ಸಾಲುತ್ತಿರಲಿಲ್ಲ. ಇಷ್ಟು ಸಣ್ಣ ದನಿಗೆ ‘ಆಕಾಶವಾಣಿ’ ಎಂದು ಹೆಸರಿಟ್ಟ ಗುಂಡಿಗೆ ನೋಡಿ. ಮುಂದೆ ದೇಶದ ರೇಡಿಯೊ ಆ ಹೆಸರನ್ನೇ ತನ್ನದು ಮಾಡಿಕೊಂಡಿತು. ಪುತ್ತೂರಿನಿಂದ 1988ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’ಯ ಡೊಂಕು ಬೇರೆ ಬಗೆಯದು. ಬರೆಯಬಲ್ಲವರಿಗೆ ತೋಟ ಗೊತ್ತಿಲ್ಲ, ತೋಟ ಗೊತ್ತಿದ್ದವರು ಬರೆದವರಲ್ಲ. ಶ್ರೀ ಪಡ್ರೆ ಮತ್ತು ಸಂಗಡಿಗರು ಪೇಟೆಯಿಂದ ಬರಹಗಾರರನ್ನು ಕರೆತರಲಿಲ್ಲ, ಕೃಷಿಕರ ಕೈಗೇ ಪೆನ್ನು ಕೊಟ್ಟರು.

ನನಗೆ ಹೆಚ್ಚು ಇಷ್ಟವಾದದ್ದು ಬೂದಿಕೋಟೆಯ ಕತೆ. ಕೋಲಾರ ಜಿಲ್ಲೆಯ ಬಂಗಾರಪೇಟೆ ಸೀಮೆಯ ಆ ಊರು ಹೈದರಾಲಿ ಹುಟ್ಟಿದ ಊರೂ ಹೌದು. ಈ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿನವರಿಗೆ ತಮ್ಮದೇ ರೇಡಿಯೊ ಬೇಕಾಗಿತ್ತು. ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಆದರೂ ಹಳ್ಳಿಯವರಿಗೆ ಪರವಾನಗಿ ಕೊಡುವ ನಿಯಮವೇ ಇರಲಿಲ್ಲ. ಗಾಳಿಯಲ್ಲಿ ಹೋಗಬಾರದು ತಾನೇ? ಅವರ ‘ನಮ್ಮ ಧ್ವನಿ’ ಕೇಬಲ್ ತಂತಿಯಲ್ಲಿ ಹೋಯಿತು. ಟಿ.ವಿ. ಬರುವ ಅದೇ ಕೇಬಲಿನಲ್ಲಿ ಊರಿನ ಹೆಂಗಸರ ಮಾತು ಮನೆಮನೆಗೆ ಬಂತು. ಕಾನೂನು ಒಂದಿಷ್ಟೂ ಮುರಿಯಲಿಲ್ಲ.

2006ರಲ್ಲಿ ಸರ್ಕಾರ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿಗೆ ಅನುಮತಿ ಕೊಟ್ಟಿತು. ಜೊತೆಗೆ ಬೇಲಿಯನ್ನೂ ಹಾಕಿತು: ಪ್ರಸಾರ ಶಕ್ತಿ ಸಾಮಾನ್ಯವಾಗಿ 100 ವಾಟ್ ಮೀರಬಾರದು, ಗೋಪುರ 30 ಮೀಟರು, ಗಂಟೆಗೆ ಜಾಹೀರಾತು 5 ನಿಮಿಷ, ಸುದ್ದಿ ಮತ್ತು ಪ್ರಚಲಿತ ವಿದ್ಯಮಾನ ಕೂಡದು. ಆಮೇಲೆ ಜಾಹೀರಾತಿನ ನಿಮಿಷಗಳು ಹೆಚ್ಚಾದವು, ಸ್ವಂತ ಸುದ್ದಿಯ ಮೇಲಿನ ಬೀಗ ಹಾಗೇ ಇದೆ. ವಾಟು, ಮೀಟರು ಬಿಡಿ; ಅಷ್ಟರಲ್ಲೇ ಸಮುದಾಯ ಬಾನುಲಿಯವರು ಹಾಡು, ನಾಟಕ, ಬೇಸಾಯದ ಮಾತು, ಕಾಯಿಲೆ ಕಸಾಲೆಯ ಸಲಹೆ ಎಲ್ಲ ನಡೆಸಿಕೊಂಡು ಬಂದಿದ್ದಾರೆ. ಆದರೆ ನಿನ್ನೆ ಪಂಚಾಯಿತಿ ಸಭೆಯಲ್ಲಿ ಏನು ತೀರ್ಮಾನವಾಯಿತೆಂದು ಊರಿನ ರೇಡಿಯೊ ತನ್ನ ಊರಿಗೇ ಹೇಳುವಂತಿಲ್ಲ. ಇಡೀ ದಿನ ಸುದ್ದಿ ಎಂದು ಅರಚುವ ಟಿ.ವಿ. ಚಾನೆಲ್ಲುಗಳಿಗೆ ಇಲ್ಲದ ಮಡಿ ನೂರು ವಾಟಿನ ದನಿಗೇಕೆ? ಇದು ಕುಣಿಯಲಾರದವರ ದೂರಲ್ಲ. ಇಷ್ಟು ವರ್ಷ ಆ ನೆಲದ ಮೇಲೆ ಕುಣಿದವರು ಗುಣಿ ಇರುವ ಜಾಗವನ್ನು ತೋರಿಸುತ್ತಿದ್ದಾರೆ. ಅದನ್ನು ಮುಚ್ಚಬೇಕಾದವರು ದೆಹಲಿಯಲ್ಲಿ, ಜಗಲಿಯ ಮೇಲೆ ಕೂತಿದ್ದಾರೆ.