ಇನ್ನೂ ಮುಗಿಯದವರ ಸಾಕ್ಷಿ

ದಾವಣಗೆರೆಯ ಎಸ್.ಎಸ್. ಬಡಾವಣೆಯಂಥ ಕಡೆ ಸಂಜೆ ಹೊತ್ತು ಕ್ರೈಸ್ತರ ಮನೆಯಲ್ಲಿ ಸೇರುವ ಪ್ರಾರ್ಥನಾ ಕೂಟದಲ್ಲಿ ಹಾಡು, ವಾಕ್ಯಗಳ ನಡುವೆ ಸಾಕ್ಷಿಗೂ, ಅಂದರೆ ದೇವರು ತಮಗೆ ಮಾಡಿದ್ದನ್ನು ಎದ್ದು ಹೇಳುವುದಕ್ಕೂ, ಒಂದಿಷ್ಟು ಹೊತ್ತು ಇರುತ್ತದೆ. "ಯಾರಾದ್ರೂ ಸಾಕ್ಷಿ ಹೇಳೋರಿದ್ದೀರಾ?" ಎಂದಾಗ ಏಳುವವರು ಯಾರು, ನೋಡಿ. ಆಪರೇಷನ್ ಸುಸೂತ್ರವಾಗಿ ಆದವರು, ಮಗನಿಗೆ ಕೆಲಸ ಸಿಕ್ಕವರು, ಸಾಲ ತೀರಿಸಿಕೊಂಡವರು. ಕಷ್ಟ ಆಗಲೇ ಕಳೆದುಹೋದವರು. ಇನ್ನೂ ಅದರೊಳಗೇ ಇರುವವರು ಬೈಬಲ್ಲಿನ ಮೇಲೆ ಕಣ್ಣಿಟ್ಟು ಸುಮ್ಮನೆ ಕೂತಿರುತ್ತಾರೆ.

ಅಂಥ ಒಂದು ಮನೆ ನನಗೆ ಗೊತ್ತು. ಯಜಮಾನರಿಗೆ ಡಯಾಲಿಸಿಸ್. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಹೇಳಿದ್ದನ್ನು ಹೆಂಡತಿ ಬೆಳಿಗ್ಗೆಯೇ ಒಂದು ಬಾಟಲಿಗೆ ಅಳೆದು ಹಾಕಿಡುತ್ತಾರೆ. ಕೂಟ ಮುಗಿದು ಎಲ್ಲರಿಗೂ ಚಹಾ ಬಂದಾಗ ಯಜಮಾನರಿಗೆ ಅರ್ಧ ಲೋಟ. ಅಷ್ಟನ್ನು ಬಾಟಲಿಯಿಂದ ಚೆಲ್ಲಿ ಲೆಕ್ಕ ಸರಿ ಮಾಡುತ್ತಾರೆ. ಒಂದು ಸಂಜೆ ಪಾಸ್ಟರ್ "ಎಲ್ಲಾದಕ್ಕೂ ಸ್ತೋತ್ರ ಹೇಳಬೇಕು, ಅಕ್ಕಾ" ಎಂದರು. ಆಕೆ, "ಇವತ್ತು ಬಾಯಿ ಬರ್ತಿಲ್ಲ ಪಾಸ್ಟರ್. ನೀವೇ ಹೇಳ್ರಿ, ನಾನು ಕೂತಿರ್ತೀನಿ" ಎಂದರು. ಕೋಣೆಯಲ್ಲಿ ಕೊಂಚ ಮುಜುಗರವಾಯಿತು. ನನಗಂತೂ ಆ ಸಂಜೆಯ ಆರಾಧನೆಯಲ್ಲಿ ಇದಕ್ಕಿಂತ ನಿಜವಾದ ಮಾತು ಕೇಳಿಸಲಿಲ್ಲ.

ಮುಜುಗರ ಯಾಕೆ? ದುಃಖವನ್ನು ದುಃಖವೆಂದರೆ ನಂಬಿಕೆ ಕಡಿಮೆಯಾಯಿತು ಎಂಬ ಹೆದರಿಕೆ ನಮ್ಮಲ್ಲಿದೆ. ಬೈಬಲ್ಲಿಗೆ ಆ ಹೆದರಿಕೆ ಇಲ್ಲ. ಅದರ 150 ಕೀರ್ತನೆಗಳನ್ನು ಬಗೆಬಗೆಯಾಗಿ ವಿಂಗಡಿಸಿದವರು ಹೇಳುವಂತೆ ಅವುಗಳಲ್ಲಿ ದೊಡ್ಡ ಪಾಲು ಗೋಳಿನದೇ. 13ನೆಯ ಕೀರ್ತನೆ ದೇವರನ್ನು ಇನ್ನೆಷ್ಟು ಕಾಲ ಎಂದು ಸಾಲಾಗಿ ನಾಲ್ಕು ಸಲ ಕೇಳುತ್ತದೆ. ಕೊನೆಗೆ ಹೇಗೋ ಭರವಸೆಗೆ ತಿರುಗುತ್ತದೆ ಅನ್ನಿ. 88ನೆಯದು ತಿರುಗುವುದೂ ಇಲ್ಲ. ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ನಿಲ್ಲುತ್ತದೆ. ಸ್ನೇಹಿತರನ್ನು ದೂರ ಮಾಡಿದವನು ನೀನೇ ಎಂದು ದೇವರ ಮೇಲೇ ದೂರು. ಆದರೂ ಅದನ್ನು ಯಾರೂ ಕಿತ್ತುಹಾಕಲಿಲ್ಲ. ಕಥೋಲಿಕ ಸಭೆಯ ದೈನಂದಿನ ಪ್ರಾರ್ಥನಾ ವಿಧಿಯಲ್ಲಿ ಪ್ರತಿ ಶುಕ್ರವಾರ ರಾತ್ರಿ, ಮಲಗುವ ಮುಂಚೆ, ಹೇಳುವುದು ಇದನ್ನೇ.

ಭಗವಂತನ ಜೊತೆ ಜಗಳ ಕನ್ನಡಿಗರಿಗೆ ಹೊಸದಲ್ಲ. ದಾಸರ ನಿಂದಾಸ್ತುತಿ ಕೇಳಿ ಬೆಳೆದವರು ನಾವು. ಆದರೆ ಅಲ್ಲಿ ಬೈಗುಳದ ಒಳಗೆ ಹೊಗಳಿಕೆ ಇಟ್ಟಿರುವುದು ಹಾಡುವವನಿಗೂ ಕೇಳುವವನಿಗೂ ಗೊತ್ತು. ಸಲಿಗೆಯ ಆಟ ಅದು. 88ನೆಯ ಕೀರ್ತನೆಯಲ್ಲಿ ಹಾಗೆ ಒಳಗಿಟ್ಟದ್ದು ಏನೂ ಇಲ್ಲ. ಇದ್ದರೆ ಒಂದೇ: ದೂರನ್ನು ನೆರೆಯವರ ಹತ್ತಿರ ಹೇಳದೆ ದೇವರಿಗೇ ಹೇಳಿರುವುದು. ಆರಾಧನೆ ಎನ್ನಿಸಿಕೊಳ್ಳಲು ಅಷ್ಟು ಸಾಕು ಎಂದು ನನ್ನ ಎಣಿಕೆ.

ಬೈಬಲ್ಲಿನ ಯೋಬನ ಕಥೆಯನ್ನು ಪ್ರಸಂಗಗಳಲ್ಲಿ ಬಹುಪಾಲು ಒಂದನೆಯ ಅಧ್ಯಾಯಕ್ಕೇ ನಿಲ್ಲಿಸುತ್ತಾರೆ. ಮಕ್ಕಳು, ದನಕರು ಎಲ್ಲ ಹೋದರೂ ದೇವರನ್ನು ಕೊಂಡಾಡಿದ, ಆಮೆನ್. ಮೂರನೆಯ ಅಧ್ಯಾಯದಲ್ಲಿ ಅದೇ ಯೋಬ ತಾನು ಹುಟ್ಟಿದ ದಿನವನ್ನು ಶಪಿಸುತ್ತಾನೆ, ಆಮೇಲೆ ಪುಸ್ತಕದ ಉದ್ದಕ್ಕೂ ವಾದಿಸುತ್ತಾನೆ. ಮೂವರು ಗೆಳೆಯರು ದೇವರ ಪರ ವಕಾಲತ್ತು ಹಿಡಿದು ಅಚ್ಚುಕಟ್ಟಾಗಿ ಮಾತಾಡುತ್ತಾರೆ. 42ನೆಯ ಅಧ್ಯಾಯದಲ್ಲಿ ತೀರ್ಪು ಬರುವಾಗ ದೇವರಿಗೆ ಸಿಟ್ಟು ಬರುವುದು ಆ ವಕೀಲರ ಮೇಲೆ. ತನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬ ಎನ್ನುತ್ತಾನೆ. ಸಾಂತ್ವನ ಹೇಳಲು ಹೊರಟ ನಾವೆಲ್ಲ ಈ ಅಧ್ಯಾಯ ಓದಿಕೊಂಡು ಚಪ್ಪಲಿ ಮೆಟ್ಟುವುದು ಒಳ್ಳೆಯದು.

ಬೈಬಲ್ಲಿನ ಪೌಲ, ಸೀಲರ ಕಥೆಯನ್ನೂ ಹೀಗೇ ಅರ್ಧಕ್ಕೆ ನಿಲ್ಲಿಸುತ್ತಾರೆ. ಫಿಲಿಪ್ಪಿಯ ಸೆರೆಮನೆಯಲ್ಲಿ ಏಟು ತಿಂದು, ಕಾಲಿಗೆ ಕೋಳ ಬಿದ್ದು, ನಡುರಾತ್ರಿ ಹಾಡಿದರು. ಭೂಮಿ ನಡುಗಿತು, ಬಾಗಿಲು ತೆರೆಯಿತು. ಹಾಡಿದರೆ ಬಾಗಿಲು ತೆರೆಯುತ್ತದೆ ಎಂದು ಸೂತ್ರ ಮಾಡಿಬಿಟ್ಟೆವು. ಹಾಡುವಾಗ ಅವರಿಗೆ ಭೂಕಂಪದ ಸುಳಿವಿರಲಿಲ್ಲ. ಬಾಗಿಲು ತೆರೆದ ಮೇಲೂ ಓಡಲಿಲ್ಲ.

ಬಾಗಿಲು ತೆರೆಯದೆಯೂ ಬರುವವರಿದ್ದಾರೆ. ಹರಿಹರದ ಆರೋಗ್ಯ ಮಾತೆಯ ದೇವಾಲಯಕ್ಕೆ ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಕೆ ಹೊತ್ತು ಬರುವವರಲ್ಲಿ ಕ್ರೈಸ್ತರಲ್ಲದವರೂ ಇದ್ದಾರೆ. ಹರಕೆಯನ್ನು ವ್ಯಾಪಾರ ಎಂದು ಹೀಯಾಳಿಸುವವರ ಜೊತೆ ನಾನಿಲ್ಲ. ಕೈಯಲ್ಲಿ ಮೇಣದ ಬತ್ತಿ ಬಿಟ್ಟು ಬೇರೇನೂ ಉಳಿಯದವರು ಇನ್ನೇನು ಮಾಡಿಯಾರು? ನನ್ನ ಗಮನ ಬೇಡಿದ್ದು ಆಗದೆ ಮರುವರ್ಷವೂ ಬರುವವರ ಮೇಲೆ. ಅವರಿಗೆ ತೀರಿಸಲು ಹರಕೆ ಇಲ್ಲ, ಆದರೂ ಬರುತ್ತಾರೆ. ಯಾರೂ ಬರಲಾಗದ ದಿನಗಳೂ ಇದ್ದವು. 2020ರ ಜನವರಿಯಲ್ಲಿ ಇದೇ ದೇವಾಲಯ ಮೈನರ್ ಬೆಸಿಲಿಕಾ ಎಂಬ ಗೌರವ ಪಡೆದ ಸಂಭ್ರಮದಲ್ಲಿತ್ತು. ಮಾರ್ಚ್ ಕೊನೆಗೆ ಕೊರೊನಾದಿಂದ ದೇಶಕ್ಕೇ ಬೀಗ. ಏಪ್ರಿಲ್ 10ರ ಶುಭ ಶುಕ್ರವಾರ, 12ರ ಈಸ್ಟರ್ ಎರಡನ್ನೂ ಜನ ಮನೆಯಲ್ಲಿ ಮೊಬೈಲಿನ ಮುಂದೆ ಕೂತೇ ಆಚರಿಸಿದರು. ಪಕ್ಕದವರ ದನಿ ಇಲ್ಲದೆ ಹಾಡುವುದು ಎಷ್ಟು ಕಷ್ಟ ಎಂದು ಆಗ ಎಲ್ಲರಿಗೂ ತಿಳಿಯಿತು.

ಸಭೆ ಸೇರುವುದು ಅದಕ್ಕೇ ಇರಬೇಕು. ನನಗೆ ಬಾಯಿ ಬಾರದ ದಿನ ಪಕ್ಕದವರು ಹಾಡುತ್ತಾರೆ, ಅವರಿಗೆ ಬಾರದ ದಿನ ನಾನು. "ನೀವೇ ಹೇಳ್ರಿ" ಎಂದ ಆಕೆ ಕೇಳಿದ್ದೂ ಅದನ್ನೇ. ಹಾಗಾಗಿ ಕೂಟ ನಡೆಸುವವರಲ್ಲಿ ಒಂದು ವಿನಂತಿ: ಸಾಕ್ಷಿಯ ಹೊತ್ತಿನಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಿ. "ಇನ್ನೂ ಮುಗಿದಿಲ್ಲ ಅನ್ನೋರು ಯಾರಾದ್ರೂ ಇದ್ದೀರಾ?" ಅವರು ಎದ್ದು ಹೇಳಿದ ಮೇಲೆ ಉಪದೇಶ ಬೇಡ, 88ನೆಯ ಕೀರ್ತನೆಯನ್ನು ಪೂರ್ತಿ ಓದಿ.